ಓದುಗರಿಗೆ ಮೊದಲೇ ಗೊತ್ತಿರುವ ಗುಟ್ಟು

ಮೆಚ್ಚಿದ ಕಾದಂಬರಿಯ, ಸಿನಿಮಾದ, ಧಾರಾವಾಹಿಯ ಪಾತ್ರಗಳನ್ನು ಎತ್ತಿಕೊಂಡು ಅಭಿಮಾನಿಗಳು ತಾವೇ ಹೊಸದಾಗಿ ಹೆಣೆಯುವ ಕಥೆಗಳಿಗೆ ಫ್ಯಾನ್ ಫಿಕ್ಷನ್ ಎನ್ನುತ್ತಾರೆ. ಈ ಬಗೆಯ ಬರವಣಿಗೆಯಲ್ಲಿ ಪದೇ ಪದೇ ಕಾಣುವ ಒಂದು ತಂತ್ರವಿದೆ. ಮೊದಲ ಅಧ್ಯಾಯದಲ್ಲಿ ಮುಸುಕು ಹಾಕಿಕೊಂಡ ಅಪರಿಚಿತನೊಬ್ಬ ಬರುತ್ತಾನೆ. ಅವನ ಹೆಸರು, ಊರು, ಹಿನ್ನೆಲೆ ಯಾವುದನ್ನೂ ಲೇಖಕ ಬಿಟ್ಟುಕೊಡುವುದಿಲ್ಲ. ಅಲ್ಲೊಂದು ಇಲ್ಲೊಂದು ಸುಳಿವು ಚೆಲ್ಲುತ್ತಾ ಹತ್ತಿಪ್ಪತ್ತು ಅಧ್ಯಾಯ ಸಾಗಿದ ಮೇಲೆ ಮುಸುಕು ಸರಿಯುತ್ತದೆ. ಮೂಲಕೃತಿಯ ಚಿರಪರಿಚಿತ ಪಾತ್ರವೇ ಎದುರಿಗೆ ನಿಂತಿರುತ್ತದೆ. ಲೇಖಕ ಬಯಸಿದ ಬೆರಗು ಮಾತ್ರ ಓದುಗರಲ್ಲಿ ಹುಟ್ಟುವುದಿಲ್ಲ. ಮೂರನೆಯ ಅಧ್ಯಾಯದ ಹೊತ್ತಿಗೇ ಅವರು ಗುಟ್ಟನ್ನು ಹಿಡಿದಿರುತ್ತಾರೆ. ಇದಕ್ಕೆ ಲೇಖಕನ ಅಶ್ರದ್ಧೆ ಕಾರಣವೆಂದು ಹೇಳುವುದು ಅನ್ಯಾಯ. ತೊಡಕಿರುವುದು ಈ ಪ್ರಕಾರದ ಬುಡದಲ್ಲೇ. ಮೂಲಕೃತಿಯ ಪಾತ್ರಗಳು ಎಷ್ಟೆಂದು ಓದುಗರಿಗೆ ಗೊತ್ತು. ಯಾರು ಈ ಕಥೆಯಲ್ಲಿ ಇನ್ನೂ ಕಾಣಿಸಿಕೊಂಡಿಲ್ಲ ಎಂದು ಎಣಿಸಿ ನೋಡಿದರೆ ಮುಸುಕಿನೊಳಗಿನವರು ಸಿಕ್ಕಿಬೀಳುತ್ತಾರೆ. ಅದಕ್ಕಿಂತ ದೊಡ್ಡ ಇಕ್ಕಟ್ಟು ಇನ್ನೊಂದಿದೆ. ಪಾತ್ರದ ಮಾತಿನ ವರಸೆ, ನಡಿಗೆ, ಸಿಟ್ಟು, ಹಟ ಎಲ್ಲವೂ ಮೂಲಕ್ಕೆ ನಿಷ್ಠವಾಗಿದ್ದರೆ ಅಭಿಮಾನಿ ಓದುಗ ಎರಡೇ ಸಂಭಾಷಣೆಯಲ್ಲಿ ಗುರುತು ಹಿಡಿಯುತ್ತಾನೆ. ಗುರುತು ಸಿಗಬಾರದೆಂದು ಆ ವರಸೆಯನ್ನೆಲ್ಲ ಅಳಿಸಿಬಿಟ್ಟರೆ ಕೊನೆಗೆ ಹೆಸರು ಹೇಳಿದರೂ ಅದು ಆ ಪಾತ್ರವೆನಿಸುವುದಿಲ್ಲ. ಮರೆಮಾಚುವುದು ಗೆದ್ದಷ್ಟೂ ಪಾತ್ರಚಿತ್ರಣ ಸೋಲುತ್ತದೆ.

ಹಾಗಾದರೆ ಎರವಲು ಪಾತ್ರಗಳ ಕಥೆಯಲ್ಲಿ ಗುರುತಿನ ರಹಸ್ಯಕ್ಕೆ ಜಾಗವೇ ಇಲ್ಲವೇ? ಖಂಡಿತ ಇದೆ. ಜಗತ್ತಿನ ಬಹು ದೊಡ್ಡ ಕೃತಿಗಳು ಆ ಜಾಗದಲ್ಲೇ ನಿಂತಿವೆ. ಆದರೆ ಆ ಕೃತಿಗಳಲ್ಲಿ ರಹಸ್ಯವನ್ನು ಮುಚ್ಚಿಟ್ಟಿರುವುದು ಓದುಗರಿಂದಲ್ಲ, ಕಥೆಯೊಳಗಿನ ಜನರಿಂದ. ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ, ಯಾರಿಗೆ ಯಾವಾಗ ತಿಳಿಯುತ್ತದೆ ಎಂಬ ಹಂಚಿಕೆಯನ್ನು ಬದಲಿಸುವುದೇ ಮರುಕಥನಕಾರನ ಕೈಯಲ್ಲಿರುವ ನಿಜವಾದ ಅಸ್ತ್ರ. ಈ ಲೇಖನದ ವಾದ ಇಷ್ಟೇ. ಇದಕ್ಕೆ ಗಟ್ಟಿಯಾದ ಆಕ್ಷೇಪಗಳೂ ಇವೆ, ಅವುಗಳನ್ನು ತಪ್ಪಿಸಿಕೊಂಡು ಹೋಗುವಂತಿಲ್ಲ.

ಮೊದಲು ಹೋಲಿಕೆಯ ಬಗ್ಗೆಯೇ ಒಂದು ಮಾತು. ಇಂದಿನ ಅರ್ಥದ ಫ್ಯಾನ್ ಫಿಕ್ಷನ್ನಿಗೆ ಹೆಚ್ಚು ವಯಸ್ಸಾಗಿಲ್ಲ. ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಅಭಿಮಾನಿಗಳು ಅಮೆರಿಕದಲ್ಲಿ ‘ಸ್ಪಾಕನೇಲಿಯಾ’ ಎಂಬ ಪತ್ರಿಕೆಯನ್ನು ತಾವೇ ಅಚ್ಚು ಹಾಕಿಸಿದ್ದು 1967ರಲ್ಲಿ. ಅಭಿಮಾನಿಗಳೇ ಕಟ್ಟಿ ನಡೆಸುವ ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಕಥಾಭಂಡಾರ ಸಾರ್ವಜನಿಕರಿಗೆ ತೆರೆದುಕೊಂಡದ್ದು 2009ರಲ್ಲಿ. ಹತ್ತು ವರ್ಷದ ಮೇಲೆ, 2019ರಲ್ಲಿ, ಅದಕ್ಕೆ ಹ್ಯೂಗೋ ಪ್ರಶಸ್ತಿಯೂ ಬಂತು. ಈ ಬರಹಗಳನ್ನು ಭಾಸ, ಕಾಳಿದಾಸ, ಪಂಪರ ಪಕ್ಕದಲ್ಲಿಟ್ಟು ನೋಡುವುದು ಸರಿಯೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಮಹಾಭಾರತ ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ. ಅದನ್ನು ಮತ್ತೆ ಹೇಳಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಇಂದಿನ ಅಭಿಮಾನಿ ಲೇಖಕಿ ಇನ್ನೊಬ್ಬರ ಹಕ್ಕಿನಲ್ಲಿರುವ ಪಾತ್ರಗಳನ್ನು ಹಣದ ಆಸೆಯಿಲ್ಲದೆ ಬಳಸುತ್ತಾಳೆ. ಸಾಮಾಜಿಕ ಸ್ಥಾನದಲ್ಲಿ, ಗೌರವದಲ್ಲಿ, ಕಾನೂನಿನಲ್ಲಿ ಇವೆರಡೂ ಬೇರೆ ಬೇರೆ. ನಾನು ಹೋಲಿಸುತ್ತಿರುವುದು ಒಂದೇ ಒಂದು ಅಂಶವನ್ನು: ಕಥೆ ಶುರುವಾಗುವ ಮೊದಲೇ ಅದರ ಜನರನ್ನು ಬಲ್ಲ ಓದುಗರು ಎದುರಿಗಿದ್ದಾರೆ. ಆ ಪರಿಸ್ಥಿತಿ ಎರಡೂ ಕಡೆ ಒಂದೇ, ಹಾಗಾಗಿ ಅದರಿಂದ ಹುಟ್ಟುವ ಕುಶಲತೆಯ ಸಮಸ್ಯೆಯೂ ಒಂದೇ.

ಟಿ. ಗಣಪತಿ ಶಾಸ್ತ್ರಿಗಳು ಭಾಸನವೆಂದು ಗುರುತಿಸಿ 1912ರಿಂದ ತಿರುವನಂತಪುರದಲ್ಲಿ ಪ್ರಕಟಿಸಿದ ನಾಟಕಗಳಲ್ಲಿ ‘ಪಂಚರಾತ್ರ’ ಒಂದು. ವಿರಾಟನಗರಿಯ ಗೋಗ್ರಹಣದ ಕಥೆ ಅದರ ನಡುಭಾಗ. ನಾಟಕಕಾರ ಮೂಲಕ್ಕೆ ಒಂದು ಧೈರ್ಯದ ತಿರುವು ಕೊಟ್ಟಿದ್ದಾನೆ: ಅಭಿಮನ್ಯುವನ್ನು ಕೌರವರ ಕಡೆಯಿಂದ ಯುದ್ಧಕ್ಕೆ ತಂದು, ಅಡುಗೆಯವನ ವೇಷದಲ್ಲಿರುವ ಭೀಮನ ಕೈಯಲ್ಲಿ ಸೆರೆ ಹಿಡಿಸುತ್ತಾನೆ. ಸೆರೆಸಿಕ್ಕ ಹುಡುಗನ ಮುಂದೆ ಈಗ ದೊಡ್ಡಪ್ಪನಿದ್ದಾನೆ, ಬೃಹನ್ನಳೆಯ ವೇಷದಲ್ಲಿ ಹೆತ್ತ ತಂದೆಯೇ ಇದ್ದಾನೆ. ಇಬ್ಬರೂ ಅವನನ್ನು ಹೆಸರು ಹಿಡಿದು ಕರೆಯುತ್ತಾರೆ. ರಾಜಕುಮಾರರನ್ನು ಈ ಊರಿನ ಆಳುಗಳೂ ಹೆಸರಿಟ್ಟು ಕೂಗುತ್ತಾರೆಯೇ ಎಂದು ಅವನಿಗೆ ಸಿಟ್ಟು. ನಿನ್ನ ತಾಯಿ ಕ್ಷೇಮವೇ ಎಂದು ಕೇಳಿದಾಗಲಂತೂ ಅವನು ಸಿಡಿದೇಳುತ್ತಾನೆ. ತಂದೆಯ ಸಲುಗೆ ತೋರಿಸಿ ಮನೆಯ ಹೆಂಗಸರ ವಿಚಾರ ಕೇಳಲು ನೀನೇನು ಧರ್ಮರಾಜನೇ, ಭೀಮಸೇನನೇ, ಧನಂಜಯನೇ ಎಂಬ ಅರ್ಥ ಬರುವ ಮಾತಾಡುತ್ತಾನೆ. ಅವನು ಬೈಗುಳವಾಗಿ ಎಸೆದ ಮೂರು ಹೆಸರುಗಳಲ್ಲಿ ಎರಡು ಹೆಸರಿನವರು ಅಲ್ಲೇ ನಿಂತಿದ್ದಾರೆ. ಈ ದೃಶ್ಯವನ್ನು ಅಭಿಮನ್ಯುವಿನ ಜಾಗದಲ್ಲಿ ನಿಂತು ನೋಡಿದರೆ ಅದೊಂದು ಅವಮಾನ. ಬೃಹನ್ನಳೆಯ ಜಾಗದಲ್ಲಿ ನಿಂತು ನೋಡಿದರೆ ವರ್ಷಗಳಿಂದ ಕಾಣದ ಮಗನನ್ನು ಕಂಡೂ ಅಪ್ಪಿಕೊಳ್ಳಲಾಗದ ಸಂಕಟ. ಪ್ರೇಕ್ಷಕರಿಗೆ ಎರಡೂ ಒಟ್ಟಿಗೆ ಸಿಗುತ್ತವೆ, ಯಾಕೆಂದರೆ ಅವರಿಗೆ ಎಲ್ಲವೂ ಗೊತ್ತು. ವೇಷಧಾರಿಗಳು ಯಾರೆಂಬುದನ್ನು ಪ್ರೇಕ್ಷಕರಿಂದಲೂ ಮುಚ್ಚಿಟ್ಟಿದ್ದರೆ ಈ ಸಂಭಾಷಣೆಯಲ್ಲಿ ಸಿಟ್ಟಿನ ಹುಡುಗನೊಬ್ಬ ಉಳಿಯುತ್ತಿದ್ದ, ಅಷ್ಟೆ.

ಗ್ರೀಕರೂ ಇದನ್ನು ಬಲ್ಲವರಾಗಿದ್ದರು. ಈಡಿಪಸ್ ಯಾರ ಮಗನೆಂಬುದು ಸೋಫೋಕ್ಲಿಸನ ನಾಟಕ ನೋಡಲು ಬಂದ ಅಥೆನ್ಸಿನ ಜನರಿಗೆ ಹೊಸ ಸುದ್ದಿಯಾಗಿರಲಿಲ್ಲ. ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ ಗುರುತು ಸಿಗುವ ಬಗೆಗಳನ್ನು ವಿಂಗಡಿಸಿ, ಗಾಯದ ಕಲೆ, ಒಡವೆಯಂಥ ಹೊರಗಿನ ಗುರುತುಗಳಿಂದ ಆಗುವ ಪರಿಚಯವನ್ನು ಕೆಳಗಿಟ್ಟ; ಘಟನೆಗಳ ಓಟದಿಂದಲೇ ತಾನಾಗಿ ಬಯಲಾಗುವ ಗುರುತನ್ನು ಎಲ್ಲಕ್ಕಿಂತ ಮೇಲಿಟ್ಟ. ಈ ಶ್ರೇಣಿಯನ್ನು ಒಪ್ಪುವಾಗ ಒಂದು ಕೃತಿಯ ಬಗ್ಗೆ ಎಚ್ಚರ ಬೇಕು. ಶಾಕುಂತಲದ ಉಂಗುರ ಹೊರಗಿನ ಗುರುತೇ, ಆದರೂ ಅದು ಕೆಳದರ್ಜೆಯ ತಂತ್ರವಾಗಲಿಲ್ಲ. ಯಾಕೆಂದು ನೋಡಬೇಕು. ಮಹಾಭಾರತದ ಆದಿಪರ್ವದಲ್ಲಿ ಉಂಗುರವೂ ಇಲ್ಲ, ಶಾಪವೂ ಇಲ್ಲ. ಅಲ್ಲಿ ದುಷ್ಯಂತನಿಗೆ ಶಕುಂತಲೆಯ ನೆನಪು ಚೆನ್ನಾಗಿಯೇ ಇದೆ. ಲೋಕಾಪವಾದಕ್ಕೆ ಅಂಜಿ, ನೆನಪಿಲ್ಲವೆಂದು ತುಂಬಿದ ಸಭೆಯಲ್ಲಿ ಸುಳ್ಳು ಹೇಳುತ್ತಾನೆ, ಅಶರೀರವಾಣಿಯಾದ ಮೇಲೆ ಒಪ್ಪಿಕೊಳ್ಳುತ್ತಾನೆ. ಕಾಳಿದಾಸ ದುರ್ವಾಸರ ಶಾಪವನ್ನು ತಂದು ಆ ಸುಳ್ಳನ್ನು ನಿಜವಾದ ಮರೆವಾಗಿ ಮಾರ್ಪಡಿಸಿದ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ಸೂಕ್ಷ್ಮವಾದದ್ದು ಶಾಪದ ಸುದ್ದಿಯನ್ನು ಅವನು ಹಂಚಿದ ರೀತಿ. ನಾಲ್ಕನೆಯ ಅಂಕದಲ್ಲಿ ಶಾಪ ಕೇಳಿಸುವುದು ಅನಸೂಯೆ, ಪ್ರಿಯಂವದೆಯರಿಗೆ ಮತ್ತು ನಮಗೆ. ಯೋಚನೆಯಲ್ಲಿ ಮುಳುಗಿದ್ದ ಶಕುಂತಲೆಗೆ ಕೇಳಿಸುವುದಿಲ್ಲ. ಅವಳು ನೊಂದುಕೊಳ್ಳುತ್ತಾಳೆಂದು ಗೆಳತಿಯರು ಹೇಳುವುದೂ ಇಲ್ಲ. ಹಾಗಾಗಿ ಐದನೆಯ ಅಂಕದ ಸಭೆಯಲ್ಲಿ ರಾಜನಿಗೂ ಸತ್ಯ ಗೊತ್ತಿಲ್ಲ, ಅವಳಿಗೂ ಪೂರ್ತಿ ಗೊತ್ತಿಲ್ಲ. ಅವಳು ಅವನನ್ನು ವಂಚಕನೆಂದು ತಿಳಿಯುತ್ತಾಳೆ, ಅವನು ಅವಳನ್ನು ವಂಚಕಿಯೆಂದು ತಿಳಿಯುತ್ತಾನೆ, ಇಬ್ಬರೂ ಪ್ರಾಮಾಣಿಕರೆಂದು ನೋಡುವ ನಮಗೆ ಮಾತ್ರ ಗೊತ್ತು. ಉಂಗುರ ಸಿಗುವುದು ಅವಳು ಹೊರಟುಹೋದ ಮೇಲೆ. ಆದ್ದರಿಂದ ಗುರುತು ಸಿಕ್ಕಾಗ ಮಿಲನದ ಬದಲು ಪಶ್ಚಾತ್ತಾಪ ಬರುತ್ತದೆ. ಒಂದು ಹೊರಗಿನ ವಸ್ತುವನ್ನು ತಪ್ಪು ಹೊತ್ತಿನಲ್ಲಿ ಮರಳಿಸಿ ಕಾಳಿದಾಸ ಅದನ್ನು ಘಟನೆಯ ಓಟದೊಳಗೇ ಸೇರಿಸಿಬಿಟ್ಟ.

ನಮ್ಮ ಭಾಷೆಯಲ್ಲಿ ಈ ಹಂಚಿಕೆಯ ವಿದ್ಯೆ ಪರಾಕಾಷ್ಠೆ ಮುಟ್ಟಿದ್ದು ಕರ್ಣನ ವಿಚಾರದಲ್ಲಿ. ಕರ್ಣ ಕುಂತಿಯ ಮಗನೆಂಬುದು ಕೇಳುಗರೆಲ್ಲರಿಗೂ ಗೊತ್ತು; ಯಾವ ಕವಿಯೂ ಅದನ್ನು ಮುಚ್ಚಿಡಲು ಹೋಗಿಲ್ಲ. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಕೃಷ್ಣ ಜನ್ಮರಹಸ್ಯ ಹೇಳಿದಾಗ ಕರ್ಣ ಬೆಚ್ಚುವುದಿಲ್ಲ. ತನಗೆ ಇದೆಲ್ಲ ತಿಳಿದೇ ಇದೆ ಎನ್ನುತ್ತಾನೆ. ಜೊತೆಗೆ, ಯುಧಿಷ್ಠಿರನಿಗೆ ಇದು ಗೊತ್ತಾಗಬಾರದು, ಗೊತ್ತಾದರೆ ಅವನು ರಾಜ್ಯವನ್ನು ನನಗೆ ಬಿಡುತ್ತಾನೆ, ನಾನದನ್ನು ದುರ್ಯೋಧನನಿಗೆ ಕೊಟ್ಟುಬಿಡುತ್ತೇನೆ ಎಂದು ಎಚ್ಚರಿಸುತ್ತಾನೆ. ಗುಟ್ಟಿನ ಬಲಿಪಶುವೇ ಇಲ್ಲಿ ಗುಟ್ಟಿನ ಕಾವಲುಗಾರನಾಗುತ್ತಾನೆ. ಕುಮಾರವ್ಯಾಸನಲ್ಲಿ ಅದೇ ಸನ್ನಿವೇಶ ಬೇರೆಯೇ ಆಗಿದೆ: ಅಲ್ಲಿನ ಕರ್ಣನ ಕಣ್ಣಲ್ಲಿ ನೀರು ನುಗ್ಗುತ್ತದೆ, ಇನ್ನು ತನ್ನ ಒಡೆಯನಿಗೆ ಕೇಡು ತಪ್ಪಿದ್ದಲ್ಲವೆಂದು ಮನಸ್ಸಿನಲ್ಲೇ ನೋಯುತ್ತಾನೆ. ಕ್ರಿ.ಶ. 941ರ ಪಂಪ ಇವೆರಡಕ್ಕಿಂತ ಮುಂದೆ ಹೋಗಿದ್ದಾನೆ ಎಂಬುದು ನನ್ನ ಅಭಿಪ್ರಾಯ. ಪಂಪನ ಕೃಷ್ಣ ಜನ್ಮದ ಕಥೆ ಹೇಳುವುದರ ಜೊತೆಗೆ ಇನ್ನೊಂದು ಮಾತನ್ನೂ ಸೇರಿಸುತ್ತಾನೆ: ನೀನು ಪಾಂಡವರ ಅಣ್ಣನೆಂಬುದು ದುರ್ಯೋಧನನಿಗೂ ಗೊತ್ತು; ಬೇಟೆಗೆ ಹೋದಾಗ ಋಷಿಯೊಬ್ಬರಿಂದ ಅವನದನ್ನು ತಿಳಿದುಕೊಂಡ; ಮುಳ್ಳಿನಿಂದ ಮುಳ್ಳನ್ನು ತೆಗೆಯಲೆಂದೇ ನಿನ್ನನ್ನು ಹತ್ತಿರ ಇಟ್ಟುಕೊಂಡಿದ್ದಾನೆ. ಗುಟ್ಟು ಬಲ್ಲವರ ಪಟ್ಟಿಗೆ ಒಂದೇ ಹೆಸರು ಸೇರಿತು, ಅಷ್ಟರಿಂದ ಇಡೀ ಸ್ನೇಹದ ಅರ್ಥ ಅಲುಗಾಡಿತು. ಅಷ್ಟು ತಿಳಿದ ಮೇಲೂ ಪಂಪನ ಕರ್ಣ ದುರ್ಯೋಧನನನ್ನು ಬಿಡುವುದಿಲ್ಲ. ಗೊತ್ತಿಲ್ಲದೆ ತೋರಿದ ನಿಷ್ಠೆಗೂ ಎಲ್ಲ ಗೊತ್ತಿದ್ದೂ ತೋರಿದ ನಿಷ್ಠೆಗೂ ಇರುವ ಅಂತರವನ್ನು ಪಂಪ ಹೀಗೆ ಒಂದು ಸಣ್ಣ ಸೇರ್ಪಡೆಯಿಂದ ಕಾಣಿಸಿದ. ವ್ಯಾಸಭಾರತದ ಧರ್ಮರಾಯನಿಗಂತೂ ಸತ್ಯ ತಿಳಿಯುವುದು ಯುದ್ಧ ಮುಗಿದು ತರ್ಪಣ ಬಿಡುವ ಹೊತ್ತಿನಲ್ಲಿ, ತಾಯಿಯ ಬಾಯಿಂದ. ಕರಾವಳಿ ಮಲೆನಾಡುಗಳ ತಾಳಮದ್ದಳೆಗಳಲ್ಲಿ ‘ಕರ್ಣಭೇದನ’ ಪ್ರಸಂಗಕ್ಕೆ ಇವತ್ತಿಗೂ ಜನ ರಾತ್ರಿ ಕೂತು ಕಿವಿಗೊಡುತ್ತಾರೆ. ವೇಷವಿಲ್ಲ, ರಂಗಸಜ್ಜಿಕೆಯಿಲ್ಲ, ಕಥೆಯಲ್ಲಿ ಗೊತ್ತಿಲ್ಲದ್ದು ಏನೂ ಇಲ್ಲ. ಈ ಸಲದ ಅರ್ಥಧಾರಿಯ ಕರ್ಣ ಕೃಷ್ಣನಿಗೆ ಏನು ಉತ್ತರ ಕೊಡುತ್ತಾನೆ ಎಂಬುದಷ್ಟೇ ಅವರ ಕುತೂಹಲ.

ಇಲ್ಲಿಗೆ ಮೊದಲ ದೊಡ್ಡ ಆಕ್ಷೇಪ ಎದುರಾಗುತ್ತದೆ. ಬೆರಗೂ ಓದಿನ ಒಂದು ಸುಖವೇ ತಾನೆ? ಪತ್ತೇದಾರಿ ಕಥೆಯ ಅಭಿಮಾನಿಗಳು ಪತ್ತೇದಾರಿಯ ಮರುಕಥನದಲ್ಲಿ ಬೆರಗನ್ನು ಬಯಸಿದರೆ ತಪ್ಪೇನು? ತಪ್ಪಿಲ್ಲ. ಷರ್ಲಾಕ್ ಹೋಮ್ಸನ ಮರುಕಥನಗಳು ಈ ಆಕ್ಷೇಪಕ್ಕೆ ಒಳ್ಳೆಯ ಬೆಂಬಲ ಕೊಡುತ್ತವೆ, ಹಾಗಾಗಿ ಅವುಗಳ ಕೊನೆಯ ಗುಟ್ಟುಗಳನ್ನು ಇಲ್ಲಿ ಹೇಳದೆ ನಿರ್ವಾಹವಿಲ್ಲ. ನಿಕೊಲಸ್ ಮೇಯರ್ 1974ರಲ್ಲಿ ಬರೆದ ‘ದಿ ಸೆವೆನ್ ಪರ್ಸೆಂಟ್ ಸೊಲ್ಯೂಷನ್’ ಕಾದಂಬರಿಯಲ್ಲಿ ಹೋಮ್ಸನ ಪರಮಶತ್ರು ಮೊರಿಯಾರ್ಟಿ ಅಪರಾಧಲೋಕದ ಚಕ್ರವರ್ತಿಯೇ ಅಲ್ಲ. ಬಾಲಕ ಹೋಮ್ಸನಿಗೆ ಗಣಿತ ಹೇಳಿಕೊಟ್ಟ ಬಡಪಾಯಿ ಮೇಷ್ಟ್ರು ಅವನು. ಉಳಿದದ್ದೆಲ್ಲ ಕೊಕೇನ್ ಚಟಕ್ಕೆ ಬಿದ್ದ ಮನಸ್ಸು ಹೆಣೆದ ಭ್ರಮೆ. ಮೈಕೇಲ್ ಡಿಬ್ಡಿನ್ 1978ರ ‘ದಿ ಲಾಸ್ಟ್ ಷರ್ಲಾಕ್ ಹೋಮ್ಸ್ ಸ್ಟೋರಿ’ಯಲ್ಲಿ ಇನ್ನೂ ಕ್ರೂರವಾಗಿ ಮುಂದುವರಿದು, ಲಂಡನ್ನಿನ ಜ್ಯಾಕ್ ದಿ ರಿಪ್ಪರ್ ಕೊಲೆಗಳ ಹಿಂದೆ ಹೋಮ್ಸನನ್ನೇ ನಿಲ್ಲಿಸಿದ. ಎರಡೂ ಕಡೆ ಓದುಗರಿಗೆ ನಿಜವಾದ ಆಘಾತವಾಗುತ್ತದೆ. ಇದು ನನ್ನ ವಾದಕ್ಕೆ ವಿರುದ್ಧವೆನಿಸಬಹುದು, ಆದರೆ ಆಘಾತ ಎಲ್ಲಿಂದ ಬಂತೆಂದು ಹುಡುಕಿದರೆ ಬೇರೆಯೇ ಉತ್ತರ ಸಿಗುತ್ತದೆ. ಮುಸುಕಿನ ಮನುಷ್ಯ ಯಾರೆಂಬ ಪ್ರಶ್ನೆಯನ್ನು ಈ ಇಬ್ಬರೂ ಎತ್ತಲೇ ಇಲ್ಲ. ಹೋಮ್ಸ್, ಮೊರಿಯಾರ್ಟಿ ಎಂಬ ಹೆಸರುಗಳು ಮೊದಲ ಪುಟದಿಂದ ಬೆಳಕಿನಲ್ಲಿವೆ. ಹೆಸರು ಗೊತ್ತಿರುವ ಮನುಷ್ಯನೊಳಗೆ ಗೊತ್ತಿಲ್ಲದವನೊಬ್ಬ ಇದ್ದನೆಂಬುದೇ ಗುಟ್ಟು. ಅದಕ್ಕೆ ಬೇಕಾದ ಸಾಕ್ಷಿಯೂ ಹೋಮ್ಸನನ್ನು ಸೃಷ್ಟಿಸಿದ ಡಾಯ್ಲನ ಕಥೆಗಳಲ್ಲೇ ಬಿದ್ದಿತ್ತು. 1893ರ ‘ದಿ ಫೈನಲ್ ಪ್ರಾಬ್ಲೆಮ್’ ಕಥೆಯನ್ನು ಎಚ್ಚರದಿಂದ ಓದಿದರೆ, ಕಥೆ ಹೇಳುವ ಗೆಳೆಯ ವಾಟ್ಸನ್ ಮೊರಿಯಾರ್ಟಿಯನ್ನು ಮುಖಾಮುಖಿ ಕಾಣುವುದೇ ಇಲ್ಲವೆಂದು ತಿಳಿಯುತ್ತದೆ. ರೈಲು ನಿಲ್ದಾಣದ ಗುಂಪಿನಲ್ಲಿ ನುಗ್ಗಿಬರುವ ಎತ್ತರದ ಆಳು, ಮಲೆಯ ದಾರಿಯಲ್ಲಿ ದೂರದಿಂದ ಕಂಡ ಒಂದು ಕಪ್ಪು ಆಕೃತಿ, ಇಷ್ಟೇ. ಮಿಕ್ಕಿದ್ದೆಲ್ಲ ಹೋಮ್ಸ್ ಹೇಳಿದ್ದು, ವಾಟ್ಸನ್ ನಂಬಿದ್ದು. ದಶಕಗಳ ಕಾಲ ಎಲ್ಲರೂ ಓದಿದ್ದ, ಹೆಚ್ಚಿನವರು ತಡೆದು ನಿಂತು ನೋಡದಿದ್ದ ಬಿರುಕು ಅದು. ಮರುಕಥನದಲ್ಲಿ ಓದುಗರನ್ನು ಬೆರಗುಗೊಳಿಸಬಲ್ಲ ಗುಟ್ಟಿಗೆ ಸಾಕ್ಷಿ ಮೂಲಕೃತಿಯಲ್ಲೇ ಇರಬೇಕು. ಲೇಖಕ ತನ್ನ ಕಥೆಗಾಗಿ ಹೊಸದಾಗಿ ಹುಟ್ಟಿಸಿದ ಮಚ್ಚೆ, ತಾಯತ, ಹಳೆಯ ಪತ್ರಗಳಿಂದ ಆ ಕೆಲಸ ಆಗುವುದಿಲ್ಲ.

ಭಾರತದಲ್ಲಿ ನೆಲೆಸಿದ್ದ ಟಿಬೆಟನ್ ಲೇಖಕ ಜಮ್ಯಾಂಗ್ ನೋರ್ಬು 1999ರಲ್ಲಿ ಪ್ರಕಟಿಸಿದ ‘ದಿ ಮಂಡಲ ಆಫ್ ಷರ್ಲಾಕ್ ಹೋಮ್ಸ್’ ಈ ಎರಡು ದಾರಿಗಳನ್ನೂ ಒಂದೇ ಕಥೆಯಲ್ಲಿ ಕೂಡಿಸಿದ್ದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಜಲಪಾತದಲ್ಲಿ ಸತ್ತನೆಂದು ತಿಳಿದಿದ್ದ ಹೋಮ್ಸ್ 1903ರ ‘ದಿ ಎಂಪ್ಟಿ ಹೌಸ್’ ಕಥೆಯಲ್ಲಿ ಮರಳಿ ಬಂದು, ಸಿಗರ್ಸನ್ ಎಂಬ ನಾರ್ವೆಯ ಅನ್ವೇಷಕನಾಗಿ ಟಿಬೆಟ್ಟಿನಲ್ಲಿ ಅಲೆದಾಡಿದ್ದೆನೆಂದು ಒಂದೆರಡು ವಾಕ್ಯದಲ್ಲಿ ಹೇಳಿ ಮುಗಿಸುತ್ತಾನೆ. ನೋರ್ಬು ಆ ವಾಕ್ಯಗಳನ್ನೇ ಕಾದಂಬರಿಯಾಗಿ ಬೆಳೆಸಿದ. ಕಥೆ ಹೇಳುವವನು ಕಿಪ್ಲಿಂಗನ ‘ಕಿಮ್’ ಕಾದಂಬರಿಯ ಹರೀಚಂದ್ರ ಮುಖರ್ಜಿ. ಮುಂಬೈ ಬಂದರಿನಲ್ಲಿ ಇಳಿದ ನಾರ್ವೆಯವನ ಮೇಲೆ ಅವನಿಗೆ ಗುಮಾನಿ. ಓದುಗರಿಗೆ ಆ ಗುಮಾನಿಯ ಉತ್ತರ ಪುಸ್ತಕದ ಹೆಸರಿನಲ್ಲೇ ಸಿಕ್ಕಿದೆ. ಮುಖರ್ಜಿ ತಡವರಿಸುವುದನ್ನು ನೋಡುವುದರಲ್ಲಿ ಅವರಿಗೆ ಖುಷಿ. ಈ ಸಣ್ಣ ಗುಟ್ಟನ್ನು ಅವರ ಕೈಗೆ ಬಿಟ್ಟುಕೊಟ್ಟು, ಅದರ ಹಿಂದೆ ನೋರ್ಬು ಇನ್ನೊಂದನ್ನು ಅಡಗಿಸಿದ್ದಾನೆ. ಸಿಗರ್ಸನ್ ಎಂದರೆ ಹೋಮ್ಸ್ ಎಂಬುದು ನಿಮಗೆ ಗೊತ್ತು, ಆದರೆ ಹೋಮ್ಸ್ ಎಂದರೆ ಯಾರು? ಟಿಬೆಟ್ಟಿನ ಲಾಮಾ ಒಬ್ಬರ ಪುನರ್ಜನ್ಮವೆಂದು ಕೊನೆಗೆ ತಿಳಿದಾಗ, ಭಾವನೆಗಳನ್ನು ಹತ್ತಿಕ್ಕಿ ಏಕಾಗ್ರತೆಯಲ್ಲಿ ಬದುಕಿದ ಆ ಮನುಷ್ಯನ ಸ್ವಭಾವಕ್ಕೆ ಹೊಸದೊಂದು ಕಾರಣ ಸಿಗುತ್ತದೆ. ಒಪ್ಪುವುದು ಬಿಡುವುದು ಓದುಗರ ಇಷ್ಟ. ಮೋಸ ಹೋದೆವು ಎನಿಸುವುದಿಲ್ಲ.

ಮೋಸದ ಮಾತು ಬಂದದ್ದರಿಂದ ನ್ಯಾಯದ ನಿಯಮವನ್ನೂ ನೋಡಬೇಕು. ಹೋಮ್ಸ್ ಕಥೆಗಳನ್ನು ಪವಿತ್ರಗ್ರಂಥದಂತೆ ಶೋಧಿಸುವ ಹವ್ಯಾಸಕ್ಕೆ 1911ರ ತನ್ನ ಪ್ರಬಂಧದಿಂದ ಚಾಲನೆ ಕೊಟ್ಟ ರೊನಾಲ್ಡ್ ನಾಕ್ಸ್, 1929ರಲ್ಲಿ ಪತ್ತೇದಾರಿ ಕಥೆಗಳಿಗೆ ಹತ್ತು ನಿಯಮಗಳನ್ನೂ ಬರೆದ. ಅಭಿಮಾನಿ ಬರಹಕ್ಕೂ ರಹಸ್ಯದ ಶಿಸ್ತಿಗೂ ಒಬ್ಬನೇ ಮನುಷ್ಯ ಕೊಂಡಿಯಾಗಿರುವುದು ಆಕಸ್ಮಿಕವಲ್ಲ. ಮೂಲವನ್ನು ಸಾಲು ಸಾಲಾಗಿ ಬಲ್ಲ ಓದುಗರ ಮುಂದೆ ಲೇಖಕ ಲೆಕ್ಕ ಒಪ್ಪಿಸಬೇಕಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅವನ ಮೊದಲ ನಿಯಮದಲ್ಲಿ ಒಂದು ಮುಖ್ಯವಾದ ಮಾತಿದೆ: ಯಾರ ಮನಸ್ಸಿನೊಳಗಿನ ಯೋಚನೆಗಳನ್ನು ಓದುಗರು ಹಿಂಬಾಲಿಸಿದ್ದಾರೋ ಅವರು ಅಪರಾಧಿಯಾಗಿರಬಾರದು. ಗುರುತು ಮರೆಸುವ ಅಭಿಮಾನಿ ಕಥೆಗಳು ಎಡವುವುದು ಬಹುಪಾಲು ಇಲ್ಲೇ. ನಾಯಕಿಯ ಒಳಮನಸ್ಸಿನಲ್ಲಿ ಹದಿನೈದು ಅಧ್ಯಾಯ ಸುತ್ತಾಡಿಸಿ, ಅವಳು ಒಮ್ಮೆಯೂ ತನ್ನ ಹೆಸರನ್ನು, ತನ್ನ ತಂದೆಯನ್ನು, ತಾನು ಬಂದ ಕೆಲಸವನ್ನು ನೆನೆಯದಂತೆ ನೋಡಿಕೊಂಡರೆ ಅದು ಜಾಣತನವಾಗುವುದಿಲ್ಲ, ಸುಳ್ಳಾಗುತ್ತದೆ. ಅಗಾಥಾ ಕ್ರಿಸ್ಟಿಯ 1926ರ ‘ರೋಜರ್ ಆಕ್ರಾಯ್ಡ್’ ಕಾದಂಬರಿಯನ್ನು ಉದಾಹರಿಸಿ, ಅಲ್ಲಿ ಕಥೆ ಹೇಳುವವನೇ ಗುಟ್ಟಿನ ಒಡೆಯನಲ್ಲವೇ ಎಂದು ಕೇಳಬಹುದು. ಹೌದು. ಆದರೆ ಅವನು ಹೇಳುತ್ತಿರುವುದು ತಾನು ಬರೆದ ದಾಖಲೆಯ ಮೂಲಕ, ಮುಚ್ಚಿಡಲು ಅವನಿಗೆ ಸಕಾರಣವಿದೆ, ಅವನ ಯಾವ ವಾಕ್ಯವೂ ಸುಳ್ಳಲ್ಲ. ಎರಡನೆಯ ಓದಿನಲ್ಲಿ ಅವನು ಹಾರಿಸಿದ ಕೆಲವು ನಿಮಿಷಗಳು ಕಣ್ಣಿಗೆ ಹೊಡೆಯುತ್ತವೆ. ಪತ್ರ, ದಿನಚರಿ, ಹೇಳಿಕೆಗಳ ರೂಪದಲ್ಲಿ ಬರೆದರೆ ಮುಚ್ಚಿಡುವುದು ಪಾತ್ರದ ಕೆಲಸವಾಗುತ್ತದೆ. ಮನಸ್ಸಿನೊಳಗಿನಿಂದ ಬರೆದರೆ ಲೇಖಕನ ಕಳ್ಳಾಟವಾಗುತ್ತದೆ.

ಕನ್ನಡದಲ್ಲಿ ಈ ಕೆಲಸ ಮಾಡುವವರಿಗೆ ಇನ್ನೊಂದು ಕಷ್ಟ ಕಾದಿರುತ್ತದೆ. ನಮ್ಮ ಕ್ರಿಯಾಪದವೇ ಗುಟ್ಟನ್ನು ಹೊರಹಾಕುತ್ತದೆ. ಮುಸುಕಿನ ವ್ಯಕ್ತಿ ಬಂದನೇ, ಬಂದಳೇ ಎಂಬುದನ್ನು ಮೊದಲ ವಾಕ್ಯದಲ್ಲೇ ನಿರ್ಧರಿಸಬೇಕು. ಬಂದರು ಎಂದು ಬಹುವಚನದಲ್ಲಿ ತಪ್ಪಿಸಿಕೊಂಡರೆ ಅಲ್ಲಿ ಗೌರವ ಸೇರಿಕೊಂಡು ವಯಸ್ಸು, ಅಂತಸ್ತುಗಳ ಸುಳಿವು ಸಿಕ್ಕಿಬಿಡುತ್ತದೆ. ಅಣ್ಣ, ಅತ್ತಿಗೆ, ಚಿಕ್ಕಪ್ಪ ಎಂದು ಯಾರಾದರೂ ಕರೆದರೆ ವಂಶವೃಕ್ಷವೇ ತೆರೆದುಕೊಳ್ಳುತ್ತದೆ. ಅಭಿಮನ್ಯು ಕೆರಳಿದ್ದು ಸಂಬೋಧನೆಗೇ ಎಂಬುದನ್ನು ಇಲ್ಲಿ ನೆನೆಯಬಹುದು: ತನ್ನ ಜೊತೆ ಆಡಬಾರದ ಸಲುಗೆಯ ಮಾತನ್ನು ಯಾರೋ ಆಡಿದರು. ಸಂಬೋಧನೆಯಿಂದ ಗುಟ್ಟು ಸೋರುವುದನ್ನು ತಡೆಯಲು ಹೆಣಗುವ ಬದಲು, ಸೋರಲು ಬಿಟ್ಟು ಅದನ್ನೇ ಸುಳಿವಾಗಿ ಬಳಸಿದ ನಾಟಕಕಾರನ ದಾರಿ ಕನ್ನಡದ ಲೇಖಕರಿಗೆ ಹೆಚ್ಚು ಹೊಂದುತ್ತದೆ. ನೀವು ಎನ್ನುತ್ತಿದ್ದ ಪಾತ್ರ ಸಂಕಟದ ಗಳಿಗೆಯಲ್ಲಿ ಬಾಯಿತಪ್ಪಿ ನೀನು ಎಂದರೆ ಸಾಕು, ಮುಸುಕು ಅರ್ಧ ಜಾರಿದಂತೆ.

ಇಂದಿನ ಫ್ಯಾನ್ ಫಿಕ್ಷನ್ನಿನ ಪ್ರಕಟಣೆಯ ವ್ಯವಸ್ಥೆಯೂ ರಹಸ್ಯಕ್ಕೆ ಅನುಕೂಲವಾಗಿಲ್ಲ. ಕಥಾಭಂಡಾರಗಳಲ್ಲಿ ಪ್ರತಿ ಕಥೆಯ ತಲೆಯ ಮೇಲೂ ಅದರಲ್ಲಿರುವ ಪಾತ್ರಗಳ, ಜೋಡಿಗಳ, ವಸ್ತುವಿನ ಟ್ಯಾಗುಗಳಿರುತ್ತವೆ. ಓದುಗರು ಕಥೆ ಹುಡುಕುವುದೇ ಅವುಗಳಿಂದ. ಮುಸುಕಿನವನ ಹೆಸರನ್ನು ಟ್ಯಾಗಿನಲ್ಲಿ ಹಾಕಿದರೆ ಗುಟ್ಟು ಬಾಗಿಲಲ್ಲೇ ರಟ್ಟಾಗುತ್ತದೆ, ಹಾಕದಿದ್ದರೆ ಆ ಪಾತ್ರವನ್ನು ಪ್ರೀತಿಸುವ ಓದುಗರಿಗೆ ಕಥೆ ಸಿಗುವುದೇ ಇಲ್ಲ. ಟ್ಯಾಗುಗಳನ್ನು ಕಲೆಯ ಶತ್ರುವೆಂದು ಬೈಯುವವರ ಮಾತು ನನಗೆ ಒಪ್ಪಿಗೆಯಿಲ್ಲ. ಹಿಂಸೆ, ಅತ್ಯಾಚಾರದಂಥ ವಿಷಯ ಬರುವ ಕಡೆ ಮೊದಲೇ ತಿಳಿಸುವುದು ಓದುಗರ ಬಗ್ಗೆ ಇರಬೇಕಾದ ಕಾಳಜಿ. ತಿರುವಿನ ಆಸೆಗೆ ಅದನ್ನು ಬಲಿಕೊಡಬಾರದು. ಗುರುತಿನ ಟ್ಯಾಗಿನಿಂದ ಕಥೆ ಸಾಯುತ್ತದೆ ಎಂದಾದರೆ ಆ ಕಥೆಯಲ್ಲಿ ಗುರುತಿನಾಚೆ ಏನೂ ಇರಲಿಲ್ಲ ಎಂದೇ ಅರ್ಥ. ಕಂತುಕಂತಾಗಿ ಬರುವ ಕಥೆಗೆ ಇನ್ನೊಂದು ಅಪಾಯವಿದೆ: ಸಾವಿರಾರು ಓದುಗರು ಕೂಡಿ ಯೋಚಿಸಿದರೆ ಬಿಡಿಸಲಾಗದ ಒಗಟಿಲ್ಲ. ಜಾರ್ಜ್ ಆರ್. ಆರ್. ಮಾರ್ಟಿನ್ನನ ಜಾನ್ ಸ್ನೋ ಯಾರ ಮಗನೆಂಬುದನ್ನು ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿ 2016ರಲ್ಲಿ ತೋರಿಸಿತು. ಮೊದಲ ಪುಸ್ತಕ ಬಂದ 1996ರ ನಂತರದ ವರ್ಷಗಳಲ್ಲೇ ಓದುಗರು ಅದನ್ನು ಲೆಕ್ಕಹಾಕಿ ಮುಗಿಸಿದ್ದರು. ಓದುಗರು ಊಹಿಸಿಬಿಟ್ಟರೆಂದು ಹೆದರಿ ನಡುವೆಯೇ ಉತ್ತರವನ್ನು ಬದಲಿಸುವ ಲೇಖಕರು ಕಥೆಯ ಬೆನ್ನುಮೂಳೆಯನ್ನೇ ಮುರಿಯುತ್ತಾರೆ. ಸರಿಯಾದ ಊಹೆ ಬಂತೆಂದರೆ ಸುಳಿವುಗಳು ಪ್ರಾಮಾಣಿಕವಾಗಿದ್ದವು ಎಂದು ಸಂತೋಷಪಡಬೇಕು. ಇದಕ್ಕೆ ವ್ಯತಿರಿಕ್ತವಾಗಿ 2015ರಲ್ಲಿ ಶುರುವಾದ ಫ್ರಾನ್ಸಿನ ‘ಮಿರ್ಯಾಕ್ಯುಲಸ್’ ಕಾರ್ಟೂನ್ ಧಾರಾವಾಹಿಯನ್ನು ನೋಡಿ. ಹುಡುಗ, ಹುಡುಗಿ ಇಬ್ಬರಿಗೂ ಮುಖವಾಡದ ಇನ್ನೊಂದು ರೂಪವಿದೆ. ಅವಳು ಮುಖವಾಡವಿಲ್ಲದ ಅವನನ್ನು ಪ್ರೀತಿಸುತ್ತಾಳೆ, ಅವನು ಮುಖವಾಡ ತೊಟ್ಟ ಅವಳನ್ನು. ನೋಡುಗರಿಗೆ ಎಲ್ಲವೂ ಗೊತ್ತು, ಅವರಿಬ್ಬರಿಗೆ ಗೊತ್ತಿಲ್ಲ. ಅದರ ಅಭಿಮಾನಿಗಳು ಗುರುತು ಬಯಲಾಗುವ ಆ ಒಂದು ಗಳಿಗೆಯನ್ನು ನೂರಾರು ಬಗೆಯಲ್ಲಿ ಬರೆದಿದ್ದಾರೆ. ಉತ್ತರ ಗೊತ್ತಿರುವುದರಿಂದಲೇ ಅಷ್ಟು ಕಥೆಗಳು ಹುಟ್ಟಿದವು.

ಉಳಿದಿರುವುದು ಮೂಲವನ್ನು ಓದದವರ ಪ್ರಶ್ನೆ. ಅವರಿಗೆ ಮುಸುಕಿನವನು ನಿಜಕ್ಕೂ ಅಪರಿಚಿತನೇ, ಅವರ ಮಟ್ಟಿಗಾದರೂ ಹಳೆಯ ಬಗೆಯ ರಹಸ್ಯ ಕೆಲಸ ಮಾಡೀತಲ್ಲ? ಮಾಡದು, ಹೆಸರು ಬಯಲಾದಾಗ ಅವರಿಗೆ ಆ ಹೆಸರು ಏನನ್ನೂ ಹೇಳುವುದಿಲ್ಲ. ಅವರಿಗೂ ತಟ್ಟಬೇಕಾದರೆ ಗುರುತಿನ ತೂಕ ಕಥೆಯೊಳಗೇ ಬೆಳೆಯಬೇಕು. ಜೀನ್ ರೀಸ್ 1966ರಲ್ಲಿ ಪ್ರಕಟಿಸಿದ ‘ವೈಡ್ ಸಾರ್ಗಾಸೊ ಸೀ’ ಅದನ್ನು ಸಾಧಿಸಿದೆ. 1847ರ ‘ಜೇನ್ ಐರ್’ ಕಾದಂಬರಿಯಲ್ಲಿ ಅಟ್ಟದ ಮೇಲೆ ಕೂಡಿಹಾಕಿದ ಹುಚ್ಚಿ ಹೆಂಡತಿಯಾಗಿ ಮಾತ್ರ ಕಾಣುವ ಬರ್ಥಾಳ ಪೂರ್ವಕಥೆ ಅದು. ಆದರೆ ರೀಸ್ ಅವಳನ್ನು ಜಮೈಕಾದ ಆಂಟ್ವನೆಟ್ ಎಂಬ ಹುಡುಗಿಯಾಗಿ ಪರಿಚಯಿಸುತ್ತಾಳೆ, ಮದುವೆಯಾಗುವ ಇಂಗ್ಲಿಷ್ ಗಂಡನ ಹೆಸರನ್ನು ಕೊನೆಯವರೆಗೂ ಹೇಳುವುದೇ ಇಲ್ಲ. ಮೂಲ ಬಲ್ಲವರು ಅವನು ‘ಜೇನ್ ಐರ್’ನ ರಾಚೆಸ್ಟರ್ ಎಂದು ತಾವೇ ತಿಳಿದುಕೊಳ್ಳುತ್ತಾರೆ. ಅರಿಯದವರಿಗೆ ಅವನು ಹೆಸರಿಲ್ಲದ ಅಧಿಕಾರವಾಗಿಯೇ ಉಳಿಯುತ್ತಾನೆ. ಹೆಂಡತಿಯನ್ನು ಬರ್ಥಾ ಎಂದು ಕರೆಯಲು ಶುರುಮಾಡುವವನು ಅವನೇ. ಮೂಲ ಬಲ್ಲವರಿಗೆ ಆ ಹೆಸರು ಕೇಳಿದೊಡನೆ ಮುಂದಿನ ಬೆಂಕಿ ಕಾಣುತ್ತದೆ. ಅರಿಯದವರಿಗೂ ಒಬ್ಬ ಹೆಣ್ಣಿನಿಂದ ಅವಳ ಹೆಸರನ್ನು ಕಿತ್ತುಕೊಳ್ಳುವ ಕ್ರೌರ್ಯ ಅರ್ಥವಾಗುತ್ತದೆ. ಗುರುತು ಇಲ್ಲಿ ಬಯಲಾಗುವುದಿಲ್ಲ, ಒಬ್ಬರ ಮೇಲೆ ಇನ್ನೊಬ್ಬರು ಹೇರುತ್ತಾರೆ. ನನ್ನ ಓದಿನ ಮಟ್ಟಿಗೆ ಎರವಲು ಪಾತ್ರಗಳಿಂದ ಹುಟ್ಟಿದ ಆಧುನಿಕ ಕಾದಂಬರಿಗಳಲ್ಲಿ ಗುರುತಿನ ಪ್ರಶ್ನೆಯನ್ನು ಇಷ್ಟು ಆಳಕ್ಕೆ ಒಯ್ದದ್ದು ಇನ್ನೊಂದಿಲ್ಲ.

ಕನ್ನಡದಲ್ಲಿ ಮೆಚ್ಚಿನ ಕಾದಂಬರಿ, ಸಿನಿಮಾಗಳ ಪಾತ್ರಗಳನ್ನಿಟ್ಟುಕೊಂಡು ಕಥೆ ಬರೆಯುತ್ತಿರುವ ಎಳೆಯರಲ್ಲಿ ನನ್ನದೊಂದು ಕೋರಿಕೆ. ಮುಸುಕಿನ ಪಾತ್ರವೊಂದನ್ನು ತರುವ ಮೊದಲು ಒಂದು ಹಾಳೆಯಲ್ಲಿ ನಿಮ್ಮ ಕಥೆಯ ಎಲ್ಲರ ಹೆಸರನ್ನೂ ಬರೆದು, ಈ ಗುಟ್ಟು ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ, ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವವರು ಯಾರು ಎಂದು ಗುರುತು ಹಾಕಿಕೊಳ್ಳಿ. ಆ ಪಟ್ಟಿಯಲ್ಲಿ ಒಂದು ಹೆಸರನ್ನು ಆ ಕಡೆಯಿಂದ ಈ ಕಡೆಗೆ ಸರಿಸಿದರೆ ಕಥೆ ಏನಾಗುತ್ತದೆ ಎಂದು ಯೋಚಿಸಿ. ಬಿಡುವಾದಾಗ ‘ಪಂಚರಾತ್ರ’ದ ಎರಡನೆಯ ಅಂಕವನ್ನೂ, ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಕೃಷ್ಣ ಕರ್ಣರ ಮಾತುಕತೆಯನ್ನೂ ಗದ್ಯಾನುವಾದದಲ್ಲಾದರೂ ಓದಿ.